ತಾಳ ತಪ್ಪಿದರೂ ನಿಲ್ಲದ ಆಟ

1996ರಲ್ಲಿ ಜಪಾನಿನಲ್ಲಿ ‘ಪರಪ್ಪಾ ದ ರ‍್ಯಾಪರ್’ ಎಂಬ ವಿಡಿಯೋ ಗೇಮ್ ಬಂತು. ಪರದೆಯ ಮೇಲೆ ಸೂಚಿಸಿದ ಗುಂಡಿಗಳನ್ನು ಹಾಡಿನ ತಾಳಕ್ಕೆ ಸರಿಯಾಗಿ ಒತ್ತಬೇಕು. ಪದೇ ಪದೇ ತಪ್ಪಿದರೆ ಆಟ ಮುಗಿದಂತೆ. ಕಾದಾಟದ ಆಟಗಳದ್ದು ಬೇರೆಯೇ ದಾರಿ. 2001ರ ‘ಡೆವಿಲ್ ಮೇ ಕ್ರೈ’ಯಲ್ಲಿ ಶತ್ರುವನ್ನು ಕೊಂದರಷ್ಟೇ ಸಾಲದು, ಎಷ್ಟು ಸೊಗಸಾಗಿ ಕಾದಿದಿರಿ ಎಂಬುದಕ್ಕೂ ದರ್ಜೆ ಉಂಟು.

ಈ ಎರಡೂ ದಾರಿಗಳನ್ನು ಚೆನ್ನಾಗಿ ಕೂಡಿಸಿದ ಆಟ ‘ಹೈ-ಫೈ ರಶ್’. ಭಯಾನಕ ಆಟಗಳಿಗೆ ಹೆಸರಾಗಿದ್ದ ಟೋಕಿಯೋದ ಟ್ಯಾಂಗೋ ಗೇಮ್‌ವರ್ಕ್ಸ್ ಸಂಸ್ಥೆ 2023ರ ಜನವರಿ 25ರಂದು ಇದನ್ನು ಘೋಷಿಸಿ, ಅಂದೇ ಮಾರಾಟಕ್ಕೂ ಬಿಟ್ಟಿತು. ಜಾನ್ ಜೊಹಾನಸ್ ಇದರ ನಿರ್ದೇಶಕರು. ಕಥಾನಾಯಕ ಚಾಯ್‌ನ ಎದೆಯೊಳಗೆ ಸಂಗೀತ ನುಡಿಸುವ ಪುಟ್ಟ ಯಂತ್ರವೊಂದು ಅಕಸ್ಮಾತ್ತಾಗಿ ಸೇರಿಕೊಳ್ಳುತ್ತದೆ. ಅಲ್ಲಿಂದ ಗಿಡಮರ, ಯಂತ್ರ, ಶತ್ರು ಎಲ್ಲವೂ ತಾಳಕ್ಕೆ ಕುಣಿಯತೊಡಗುತ್ತವೆ. ಗುಂಡಿಯನ್ನು ತುಸು ಮುಂಚೆ ಒತ್ತಿದರೂ ತಡವಾಗಿ ಒತ್ತಿದರೂ ಏಟು ಮಾತ್ರ ತಾಳದ ಮೇಲೆಯೇ ಬೀಳುತ್ತದೆ. ಸರಿಯಾಗಿ ಒತ್ತಿದವರಿಗೆ ಹೆಚ್ಚಿನ ಬಲ. ಏಟು ಹಾಕುವಾಗ ತಾಳ ತಪ್ಪಿದವರಿಗೆ ಶಿಕ್ಷೆಯಿಲ್ಲ. ಸಂಗೀತ ಬಾರದವರೂ ಆಡಬಲ್ಲ ಆಟವಾದದ್ದು ಹೀಗೆ.

ಅದೇ ವರ್ಷ ‘ದ ಗೇಮ್ ಅವಾರ್ಡ್ಸ್’ನಲ್ಲಿ ಧ್ವನಿ ವಿನ್ಯಾಸದ ಪ್ರಶಸ್ತಿಯೂ ಬಂತು. ಆದರೆ 2024ರ ಮೇ ತಿಂಗಳಲ್ಲಿ ಒಡೆತನ ಹೊಂದಿದ್ದ ಮೈಕ್ರೋಸಾಫ್ಟ್, ಟ್ಯಾಂಗೋವನ್ನು ಮುಚ್ಚುವುದಾಗಿ ಪ್ರಕಟಿಸಿತು. ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಕ್ರಾಫ್ಟನ್ ಮುಂದೆ ಬಂದು ಆಟದ ಹಕ್ಕನ್ನು ಕೊಂಡು, ಸಂಸ್ಥೆಗೆ ಮರುಜೀವ ಕೊಟ್ಟಿತು. ಆಟದ ಕಥೆಯಲ್ಲಿ ದೊಡ್ಡ ಕಂಪನಿಯೊಂದು ಚಾಯ್‌ನನ್ನು ‘ದೋಷಯುಕ್ತ ಮಾಲು’ ಎಂದು ತೊಲಗಿಸಹೊರಡುತ್ತದೆ. ಅವನನ್ನು ಸೃಷ್ಟಿಸಿದವರ ಪಾಡೂ ಕೆಲಕಾಲ ಅದೇ ಆಗಿತ್ತು. ತಾಳ ತಪ್ಪಿದವರನ್ನು ಮನ್ನಿಸುವ ಆಟ ಕಟ್ಟಿದವರಿಗೆ, ತಾಳ ತಪ್ಪದಿದ್ದರೂ ಮನ್ನಣೆ ಸಾಲದಾಯಿತು.