ದೊಡ್ಡ ಪಿ ಬಂದ ದಾರಿ: ಎಸ್‌ಸಿಪಿ ಮತ್ತು ಎಸ್‌ಎಫ್‌ಟಿಪಿ ಆಯ್ಕೆಗಳ ಚರಿತ್ರೆ

ಎಸ್‌ಎಸ್‌ಎಚ್ ಕುಟುಂಬದ ಕಾರ್ಯಕ್ರಮಗಳನ್ನು ದಿನವೂ ಬಳಸುವವರಿಗೆ ಒಂದು ತೊಡಕು ಚೆನ್ನಾಗಿ ಗೊತ್ತು. ದೂರದ ಯಂತ್ರಕ್ಕೆ ಲಾಗಿನ್ ಆಗುವಾಗ ಪೋರ್ಟ್ ಸಂಖ್ಯೆಯನ್ನು ಸಣ್ಣ ಪಿ ಅಕ್ಷರದೊಂದಿಗೆ ಕೊಡಬೇಕು. ಅದೇ ಯಂತ್ರಕ್ಕೆ ಕಡತ ಕಳಿಸುವಾಗ ದೊಡ್ಡ ಪಿ ಬಳಸಬೇಕು. ಅಕ್ಷರ ತಪ್ಪಿದರೆ ಆಜ್ಞೆ ಬೇರೇನನ್ನೋ ಮಾಡುತ್ತದೆ. ಇದನ್ನು ಬಾಯಿಪಾಠ ಮಾಡಿ ಮುಂದೆ ಹೋಗುವವರೇ ಹೆಚ್ಚು. ಆದರೆ ಈ ಅಕ್ಷರಗಳನ್ನು ಯಾರೂ ಒಟ್ಟಿಗೆ ಕೂತು ಹಂಚಿದ್ದಲ್ಲ. ಯಾವ ಕಾರ್ಯಕ್ರಮ ಮೊದಲು ಬಂತು, ಯಾರ ಹಳೆಯ ಸ್ಕ್ರಿಪ್ಟುಗಳನ್ನು ಮುರಿಯುವಂತಿರಲಿಲ್ಲ ಎಂಬುದೇ ಒಂದೊಂದು ಅಕ್ಷರದ ಸ್ಥಾನವನ್ನು ತೀರ್ಮಾನಿಸಿತು. ಆ ಜಾಡನ್ನು ಹಿಡಿಯುವುದು ಈ ಲೇಖನದ ಉದ್ದೇಶ.

ಜಾಡು ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಿಂದ ಹೊರಡುತ್ತದೆ. 1983ರ 4.2 ಬಿಎಸ್‌ಡಿ ಯುನಿಕ್ಸ್‌ನಲ್ಲಿ ಆರ್‌ಸಿಪಿ ಎಂಬ ನಕಲು ಕಾರ್ಯಕ್ರಮವಿತ್ತು. ಒಂದೇ ಯಂತ್ರದೊಳಗೆ ನಕಲು ಮಾಡುವ ಸಿಪಿ ಆಜ್ಞೆಯನ್ನೇ ಜಾಲಕ್ಕೆ ವಿಸ್ತರಿಸಿದ್ದರಿಂದ ಆಯ್ಕೆಗಳೂ ಕ್ರಮೇಣ ಅದರಂತೆಯೇ ರೂಪುಗೊಂಡವು: ಇಡೀ ಕಡತಕೋಶ ಒಯ್ಯಲು ಸಣ್ಣ ಆರ್, ಕಡತದ ಕಾಲಮುದ್ರೆ ಮತ್ತು ಅನುಮತಿಗಳನ್ನು ಹಾಗೇ ಉಳಿಸಲು ಸಣ್ಣ ಪಿ. ಕೈಪಿಡಿಯಲ್ಲಿ ಕಾಣದ ಎರಡು ಆಯ್ಕೆಗಳೂ ಇದ್ದವು. ಕಡತ ಕಳಿಸುವ ಯಂತ್ರ ಆಚೆ ತುದಿಯಲ್ಲಿ ಇದೇ ಕಾರ್ಯಕ್ರಮವನ್ನು ಸಣ್ಣ ಟಿ ಅಕ್ಷರದೊಂದಿಗೆ ಎಬ್ಬಿಸುತ್ತಿತ್ತು. ತರಿಸಿಕೊಳ್ಳುವಾಗ ಸಣ್ಣ ಎಫ್‌ನೊಂದಿಗೆ. ಮನುಷ್ಯರು ಟೈಪ್ ಮಾಡಲೆಂದು ಮಾಡಿದ ಅಕ್ಷರಗಳಲ್ಲ ಇವು, ಯಂತ್ರ ಯಂತ್ರಕ್ಕೆ ಹೇಳುವ ಮಾತು. ಪ್ರತ್ಯೇಕ ಪ್ರೋಟೋಕಾಲ್ ದಾಖಲೆಯೂ ಇರಲಿಲ್ಲ. ಕಾರ್ಯಕ್ರಮದ ನಡವಳಿಕೆಯೇ ಪ್ರೋಟೋಕಾಲ್. ಮುಂದಿನ ತೊಂದರೆಗಳ ಬೇರು ಇಲ್ಲಿದೆ ಎಂದು ನನ್ನ ಅಭಿಪ್ರಾಯ.

1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್ ಕದಿಯುವ ದಾಳಿ ನಡೆಯಿತು. ಅಲ್ಲಿನ ಸಂಶೋಧಕ ತಾತು ಯುಲೋನೆನ್ ಅದಕ್ಕೆ ಉತ್ತರವಾಗಿ ಎಸ್‌ಎಸ್‌ಎಚ್ ಬರೆದರು. ಬರ್ಕ್‌ಲಿಯ ಆಜ್ಞೆಗಳ ಜಾಗದಲ್ಲಿ ನೇರವಾಗಿ ಕೂರಬೇಕು, ಬಳಕೆದಾರ ಹೊಸದೇನನ್ನೂ ಕಲಿಯುವಂತಾಗಬಾರದು ಎಂಬುದು ಅದರ ವಿನ್ಯಾಸದ ಜೀವಾಳ. ತಿಮೊ ರಿನ್ನೆ ಮತ್ತು ಯುಲೋನೆನ್ ಬರ್ಕ್‌ಲಿಯ ಆರ್‌ಸಿಪಿ ಮೂಲವನ್ನೇ ಆಧಾರವಾಗಿಟ್ಟುಕೊಂಡು ಎಸ್‌ಸಿಪಿ ಮಾಡಿದರು. ಹೀಗಾಗಿ ಸಣ್ಣ ಪಿ ಆಗಲೇ ಭರ್ತಿಯಾಗಿತ್ತು. ಎಸ್‌ಎಸ್‌ಎಚ್‌ನಲ್ಲಿ ಪೋರ್ಟ್‌ಗೆ ಮೀಸಲಾಗಿದ್ದ ಅಕ್ಷರ ಎಸ್‌ಸಿಪಿಯಲ್ಲಿ ಕಾಲಮುದ್ರೆಯ ಪಾಲಾಗಿದ್ದುದರಿಂದ ಪೋರ್ಟ್ ದೊಡ್ಡ ಪಿಗೆ ಸರಿಯಿತು. ಎಸ್‌ಎಸ್‌ಎಚ್‌ನ ಮುಕ್ತ ರೂಪವಾದ ಓಪನ್‌ಎಸ್‌ಎಸ್‌ಎಚ್‌ನ ಕೈಪಿಡಿ ಇಂದಿಗೂ ಈ ಕಾರಣವನ್ನು ಒಂದು ವಾಕ್ಯದಲ್ಲಿ ಒಪ್ಪಿಸುತ್ತದೆ.

ಕಡತ ಸಾಗಿಸುವ ಇನ್ನೊಂದು ಕಾರ್ಯಕ್ರಮವಾದ ಎಸ್‌ಎಫ್‌ಟಿಪಿಯದು ಬೇರೆ ವಂಶ. ಅದರೊಳಗೆ ಟೈಪ್ ಮಾಡುವ ಗೆಟ್, ಪುಟ್‌ಗಳು ಹಳೆಯ ಎಫ್‌ಟಿಪಿ ಬಳಕೆಯಿಂದ ಬಂದವು. ಎಫ್‌ಟಿಪಿಯ ಮೊದಲ ವಿವರಣೆಯನ್ನು 1971ರ ಏಪ್ರಿಲ್‌ನಲ್ಲಿ ಬರೆದವರು ಕಾನ್ಪುರ ಐಐಟಿಯ ಮೊದಲ ತಂಡದಲ್ಲಿ ಓದಿ ಎಂಐಟಿಗೆ ಹೋಗಿದ್ದ ಅಭಯ್ ಭೂಷಣ್. ಪರಿಚಿತವಾದ ಈ ಹೊರರೂಪದ ಒಳಗಿರುವುದು ಮಾತ್ರ ಎಸ್‌ಎಸ್‌ಎಚ್ ಎರಡನೆಯ ಆವೃತ್ತಿಯೊಂದಿಗೆ ರೂಪುಗೊಂಡ ಹೊಸ ಪ್ರೋಟೋಕಾಲ್. ಅದರ ಕರಡುಗಳು ಆರನೆಯ ಆವೃತ್ತಿಯವರೆಗೆ ಬೆಳೆದರೂ ಅಧಿಕೃತ ಮಾನದಂಡವಾಗಲೇ ಇಲ್ಲ. ಓಪನ್‌ಎಸ್‌ಎಸ್‌ಎಚ್ ಮೂರನೆಯದರಲ್ಲೇ ನಿಂತಿದೆ.

2001ರಲ್ಲಿ ಡೇಮಿಯನ್ ಮಿಲ್ಲರ್ ಬರೆದ ಎಸ್‌ಎಫ್‌ಟಿಪಿ ಕ್ಲೈಂಟ್ ಓಪನ್‌ಎಸ್‌ಎಸ್‌ಎಚ್‌ಗೆ ಸೇರಿದಾಗ ಅದು ಎಸ್‌ಸಿಪಿಯ ಅಕ್ಷರಗಳಿಗೆ ಕಟ್ಟುಬೀಳಲಿಲ್ಲ. ಅಲ್ಲಿ ದೊಡ್ಡ ಪಿ ಪೋರ್ಟ್ ಅಲ್ಲ, ಪರೀಕ್ಷೆಗಾಗಿ ಸ್ಥಳೀಯ ಸರ್ವರ್ ಕಾರ್ಯಕ್ರಮವನ್ನು ನೇರವಾಗಿ ಎಬ್ಬಿಸುವ ಆಯ್ಕೆಯಾಯಿತು. ಪೋರ್ಟ್ ಬದಲಿಸಬೇಕಿದ್ದರೆ ಸಣ್ಣ ಓ ಬಳಸಿ ಸಂರಚನೆಯ ಸಾಲನ್ನೇ ಬರೆಯಬೇಕಿತ್ತು. 2010ರ ಮಾರ್ಚ್‌ನ 5.4 ಆವೃತ್ತಿ ಇದನ್ನು ತಿದ್ದಿತು. ಎಸ್‌ಎಫ್‌ಟಿಪಿ ಮುಂದೊಂದು ದಿನ ಎಸ್‌ಸಿಪಿಯ ಜಾಗ ತುಂಬಬಲ್ಲದಾಗಲಿ ಎಂಬ ಉದ್ದೇಶದಿಂದ ಅದರ ಬಹುತೇಕ ಆಯ್ಕೆಗಳನ್ನು ಇದಕ್ಕೂ ಕೊಟ್ಟರು. ಸರ್ವರ್ ದಾರಿ ದೊಡ್ಡ ಡಿಗೆ ಹೋಯಿತು, ದೊಡ್ಡ ಪಿ ಪೋರ್ಟ್ ಆಯಿತು. ಹಳೆಯ ಅರ್ಥವನ್ನು ಬಳಸುತ್ತಿದ್ದವರು ತೀರ ಕಡಿಮೆ ಎಂಬ ಕಾರಣಕ್ಕೇ ಅಕ್ಷರವೊಂದು ಕೈಬದಲಾಯಿಸಲು ಸಾಧ್ಯವಾಯಿತು.

ಎಸ್‌ಎಫ್‌ಟಿಪಿಗೆ ಸ್ವಂತವಾದ ಆಯ್ಕೆಗಳಲ್ಲಿ ಬಫರ್ ಗಾತ್ರದ ದೊಡ್ಡ ಬಿ ಮತ್ತು ಬಾಕಿ ಕೋರಿಕೆಗಳ ದೊಡ್ಡ ಆರ್ ನಿಂತು ನೋಡಬೇಕಾದವು. ಈ ಪ್ರೋಟೋಕಾಲ್‌ನಲ್ಲಿ ಕಡತದ ಪ್ರತಿ ತುಣುಕಿಗೂ ಕೋರಿಕೆ ಹೋಗಬೇಕು, ಉತ್ತರ ಬರಬೇಕು. ಪೂರ್ವನಿಗದಿತ ತುಣುಕು 32,768 ಬೈಟ್. ಸಂದೇಶ ಹೋಗಿ ಬರಲು 200 ಮಿಲಿಸೆಕೆಂಡ್ ಹಿಡಿಯುವ ಖಂಡಾಂತರ ಸಂಪರ್ಕದಲ್ಲಿ ಒಂದೊಂದೇ ಕೋರಿಕೆ ಕಳಿಸುತ್ತ ಕೂತರೆ, ತಂತಿ ಎಷ್ಟೇ ಅಗಲವಿದ್ದರೂ ಸೆಕೆಂಡಿಗೆ 160 ಕಿಲೋಬೈಟ್ ಮೀರುವುದಿಲ್ಲ. ಉತ್ತರಕ್ಕೆ ಕಾಯದೆ 64 ಕೋರಿಕೆಗಳನ್ನು ಒಟ್ಟಿಗೆ ಹರಿಯಬಿಟ್ಟರೆ ಸುಮಾರು 2 ಮೆಗಾಬೈಟ್ ಸದಾ ದಾರಿಯಲ್ಲಿರುತ್ತದೆ, ವೇಗ ಸೆಕೆಂಡಿಗೆ 10 ಮೆಗಾಬೈಟ್‌ವರೆಗೆ ಏರಬಹುದು. ಈ 64ನ್ನು ಹೆಚ್ಚು ಕಡಿಮೆ ಮಾಡುವುದೇ ದೊಡ್ಡ ಆರ್‌ನ ಕೆಲಸ. ಎಸ್‌ಸಿಪಿಗೆ ಇಂಥ ಆಯ್ಕೆ ಬೇಕಿರಲಿಲ್ಲ, ಅದು ಕಡತವನ್ನು ಒಂದೇ ಹರಿವಾಗಿ ಸುರಿಯುತ್ತಿತ್ತು. ಎಸ್‌ಎಫ್‌ಟಿಪಿಯ ಸಣ್ಣ ಬಿ ಆಜ್ಞೆಗಳ ಪಟ್ಟಿಯೊಂದನ್ನು ಕಡತದಿಂದ ಓದಿ ನಡೆಸುತ್ತದೆ. ನಡುವೆ ಒಂದು ಆಜ್ಞೆ ಸೋತರೆ ಇಡೀ ಓಟ ನಿಲ್ಲುತ್ತದೆ. ಸೋತರೂ ಮುಂದುವರಿಯಲಿ ಎನ್ನುವ ಆಜ್ಞೆಯ ಆರಂಭದಲ್ಲಿ ಒಂದು ಅಡ್ಡಗೆರೆ ಹಾಕಬೇಕು. ರಾತ್ರಿ ಯಾರೂ ಇಲ್ಲದಾಗ ನಡೆಯುವ ಕೆಲಸಕ್ಕೆ ಇದು ಸರಿಯಾದ ಎಚ್ಚರ.

ಆಯ್ಕೆಗಳ ಚರಿತ್ರೆಯಲ್ಲಿ ಇಲ್ಲದ ಆಯ್ಕೆಗೂ ಸ್ಥಾನವಿದೆ. ಪಾಸ್‌ವರ್ಡನ್ನು ಆಜ್ಞೆಯ ಸಾಲಿನಲ್ಲೇ ಕೊಡುವ ಆಯ್ಕೆ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಇಲ್ಲ. ಯುನಿಕ್ಸ್‌ನಲ್ಲಿ ಓಡುತ್ತಿರುವ ಕಾರ್ಯಕ್ರಮದ ಆಯ್ಕೆಗಳನ್ನು ಅದೇ ಯಂತ್ರದ ಇತರ ಬಳಕೆದಾರರೂ ಸಾಮಾನ್ಯವಾಗಿ ನೋಡಬಲ್ಲರು. ಶೆಲ್ ಇತಿಹಾಸದಲ್ಲೂ ಅವು ಉಳಿಯುತ್ತವೆ. ಸೈಮನ್ ಟೇಥಮ್ ಆರಂಭಿಸಿದ ಪುಟ್ಟಿ ಬಳಗದ ಉಪಕರಣಗಳು ಪಿಡಬ್ಲ್ಯೂ ಎಂಬ ಆಯ್ಕೆಯನ್ನು ಕೊಟ್ಟವು, ಅಪಾಯವನ್ನು ಕೈಪಿಡಿಯಲ್ಲಿ ಹೇಳಿದವು. 2022ರಲ್ಲಿ ಪಾಸ್‌ವರ್ಡನ್ನು ಕಡತದಿಂದ ಓದುವ ಪಿಡಬ್ಲ್ಯೂಫೈಲ್ ಸೇರಿತು. ಅಂಥ ಆಯ್ಕೆ ಕೊಡದೇ ಇದ್ದ ಓಪನ್‌ಎಸ್‌ಎಸ್‌ಎಚ್‌ನ ನಿಲುವೇ ಜನರನ್ನು ಪಾಸ್‌ವರ್ಡ್ ಬಿಟ್ಟು ಕೀಲಿಗಳತ್ತ ತಿರುಗಿಸಿತು. ನನಗೆ ಅದೇ ಸರಿ ಎನಿಸುತ್ತದೆ.

2019ರ ಜನವರಿಯಲ್ಲಿ ಹ್ಯಾರಿ ಸಿಂಟೊನೆನ್ ಎಸ್‌ಸಿಪಿಯ ದೋಷಗಳನ್ನು ಪ್ರಕಟಿಸಿದರು. ಕಳಿಸುವ ಕಡತದ ಹೆಸರನ್ನು ಸರ್ವರೇ ಹೇಳುತ್ತದೆ, ಕೇಳಿದ್ದು ಅದೇ ಹೌದೇ ಎಂದು ಕ್ಲೈಂಟ್ ಸರಿಯಾಗಿ ಪರೀಕ್ಷಿಸುತ್ತಿರಲಿಲ್ಲ. ದುಷ್ಟ ಸರ್ವರ್ ಬೇರೆ ಕಡತವನ್ನು ತುರುಕಬಹುದಿತ್ತು. ಅದೇ ವರ್ಷದ 8.0 ಆವೃತ್ತಿ ಪರೀಕ್ಷೆ ಸೇರಿಸಿತು, ಅದನ್ನು ಕೈಬಿಡಲು ದೊಡ್ಡ ಟಿ ಕೊಟ್ಟಿತು, ಜೊತೆಗೆ ಈ ಪ್ರೋಟೋಕಾಲ್ ಹಳತಾಗಿದೆ, ಸುಲಭವಾಗಿ ದುರಸ್ತಿಯಾಗುವಂಥದ್ದಲ್ಲ ಎಂದೂ ಸಾರಿತು. 2021ರ 8.7ರಲ್ಲಿ ಎಸ್‌ಸಿಪಿಯನ್ನು ಎಸ್‌ಎಫ್‌ಟಿಪಿ ಪ್ರೋಟೋಕಾಲ್ ಮೇಲೆ ಓಡಿಸುವ ಸಣ್ಣ ಎಸ್ ಪ್ರಯೋಗವಾಗಿ ಬಂತು. 2022ರ ಏಪ್ರಿಲ್‌ನ 9.0ರಲ್ಲಿ ಅದೇ ರೂಢಿಯಾಯಿತು. ಎಸ್‌ಎಫ್‌ಟಿಪಿ ಮೊದಲು ಎಸ್‌ಸಿಪಿಯ ಅಕ್ಷರಗಳನ್ನು ಪಡೆದಿತ್ತು. ಹನ್ನೆರಡು ವರ್ಷಗಳ ನಂತರ ಎಸ್‌ಸಿಪಿ ತನ್ನ ಅಕ್ಷರಗಳನ್ನು ಉಳಿಸಿಕೊಂಡು ಎಸ್‌ಎಫ್‌ಟಿಪಿಯ ಒಡಲನ್ನು ಪಡೆಯಿತು.

ಹಳೆಯ ವಿಧಾನ ಬೇಕೆನ್ನುವವರಿಗೆ ದೊಡ್ಡ ಓ ಇದೆ. ಡ್ರಾಪ್‌ಬೇರ್ ಎಂಬ ಕಿರಿಯ ಎಸ್‌ಎಸ್‌ಎಚ್ ಸರ್ವರ್ ಮಾತ್ರವಿರುವ, ಎಸ್‌ಎಫ್‌ಟಿಪಿ ಸರ್ವರ್ ಸೇರಿಸಿಕೊಳ್ಳದ ಓಪನ್‌ಡಬ್ಲ್ಯೂಆರ್‌ಟಿ ತಂತ್ರಾಂಶದ ರೂಟರ್‌ಗಳಿಗೆ ಕಡತ ಕಳಿಸುವವರು ಇಂದಿಗೂ ಅದನ್ನು ಟೈಪ್ ಮಾಡಬೇಕಾಗುತ್ತದೆ. ಆಗ ಆಚೆ ತುದಿಯಲ್ಲಿ ಎಸ್‌ಸಿಪಿ ಎಚ್ಚರಗೊಳ್ಳುವುದು ಬರ್ಕ್‌ಲಿಯವರು ಕೈಪಿಡಿಯಲ್ಲಿ ಬರೆಯದೆ ಬಿಟ್ಟಿದ್ದ ಸಣ್ಣ ಟಿಯಿಂದಲೇ.