ಕಳವಿನ ದಂಡ ಯಾರ ಗಲ್ಲಾಪೆಟ್ಟಿಗೆಗೆ?

ವಾಶಿ ರೈಲು ನಿಲ್ದಾಣದಿಂದ ಹೊರಬಂದು ನಿಂತರೆ ಕಣ್ಣಿಗೆ ಮೊದಲು ಬೀಳುವುದು ಮಾಲ್‌ಗಳು. ಶನಿವಾರ ಸಂಜೆ ನೆರೂಳ, ಸಾನ್ಪಾಡ, ಐರೋಳಿಗಳಿಂದ ಬಂದ ಹದಿಹರೆಯದ ಮಕ್ಕಳು ಅಲ್ಲಿ ಗುಂಪು ಗುಂಪಾಗಿ ಸುತ್ತುತ್ತಿರುತ್ತಾರೆ. ಅವರಲ್ಲಿ ನಮ್ಮವರ ಮಕ್ಕಳೂ ಇದ್ದಾರೆ. ಇಂಥ ಗುಂಪಿನ ಹದಿನೈದರ ಹುಡುಗಿಯೊಬ್ಬಳು ಒಂದು ಲಿಪ್‌ಸ್ಟಿಕ್ಕನ್ನು ಚೀಲಕ್ಕೆ ಸೇರಿಸಿ ಬಾಗಿಲಲ್ಲಿ ಸಿಕ್ಕಿಬಿದ್ದಳೆನ್ನೋಣ. ವಸ್ತು ಅಲ್ಲೇ ಅಂಗಡಿಯ ಕೈಸೇರಿತು. ಹುಡುಗಿಯನ್ನು ಒಳಕೋಣೆಗೆ ಕರೆದೊಯ್ದರು, ತಂದೆಗೆ ಫೋನು ಹೋಯಿತು. ಪೊಲೀಸರನ್ನು ಕರೆಯಬೇಕೋ, ವಸ್ತುವಿನ ಬೆಲೆಯ ಹಲವು ಪಟ್ಟು ಹಣ ಕಟ್ಟಿ ಮುಗಿಸುತ್ತೀರೋ ಎಂಬ ಪ್ರಶ್ನೆ ಆತನ ಮುಂದೆ ಬಂತು. ನಮ್ಮಲ್ಲಿ ಹೆಚ್ಚಿನ ತಂದೆತಾಯಿಗಳು ಮರುಮಾತಿಲ್ಲದೆ ಹಣ ಕೊಟ್ಟುಬಿಡುತ್ತಾರೆ. ಆದರೆ ಆ ಹಣವನ್ನು ಕೇಳುವ ಅಧಿಕಾರ ಅಂಗಡಿಗೆ ಎಲ್ಲಿಂದ ಬಂತು? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಸ್ವಲ್ಪ ದೂರ ಹಿಂದಕ್ಕೆ ಹೋಗಬೇಕು.

ನಮ್ಮ ಹುಡುಕಾಟವನ್ನು ಕಲ್ಯಾಣದಿಂದಲೇ ಆರಂಭಿಸಬಹುದು. ಡೊಂಬಿವಲಿಯ ಪಕ್ಕದ ಕಲ್ಯಾಣವಲ್ಲ, ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ಅಲ್ಲಿ ಕುಳಿತು ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ದಾಯಭಾಗದ ವಿಚಾರಕ್ಕೆ ಪ್ರಸಿದ್ಧವಾದ ಈ ಗ್ರಂಥಪರಂಪರೆಯಲ್ಲಿ ಕಳವಿನ ಪ್ರಕರಣವೂ ಇದೆ. ಅಲ್ಲಿನ ಕ್ರಮ ಗಮನಾರ್ಹವಾದುದು. ಕದ್ದುದನ್ನು ಕಳ್ಳನಿಂದ ಮೊದಲು ಮರಳಿ ಕೊಡಿಸಬೇಕು, ಆಮೇಲೆ ಶಿಕ್ಷೆ. ವಸ್ತು ಒಡೆಯನಿಗೆ ಸೇರತಕ್ಕದ್ದು, ದಂಡ ರಾಜನಿಗೆ ಸೇರತಕ್ಕದ್ದು. ಕಳ್ಳರು ಒಯ್ದ ಸೊತ್ತನ್ನು ರಾಜನೇ ಪ್ರಜೆಗೆ ಒದಗಿಸಬೇಕೆಂಬ ಹೊಣೆಯನ್ನೂ ಈ ಸ್ಮೃತಿ ಹೊರಿಸುತ್ತದೆ. ಹದಿನಾರು ತುಂಬದವರಿಗೆ ಪ್ರಾಯಶ್ಚಿತ್ತ ಅರ್ಧ ಮಾತ್ರ ಎಂಬ ವಿಧಿಯೂ ಧರ್ಮಶಾಸ್ತ್ರದಲ್ಲಿದೆ. ಆ ಶಿಕ್ಷೆಗಳು ಇಂದಿಗೆ ಕ್ರೂರವಾಗಿ ಕಾಣುತ್ತವೆ, ಜಾತಿಗೆ ತಕ್ಕಂತೆ ಬದಲಾಗುತ್ತವೆ. ಅದನ್ನು ಸಮರ್ಥಿಸುವುದು ನಮ್ಮ ಉದ್ದೇಶವಲ್ಲ. ನಷ್ಟವನ್ನು ತುಂಬುವುದು ಬೇರೆ, ದಂಡ ಹಾಕುವುದು ಬೇರೆ, ಎರಡನೆಯದು ವ್ಯಾಪಾರಿಯ ಕೆಲಸವಲ್ಲ ಎಂಬ ಭೇದವು ಅಷ್ಟು ಹಿಂದೆಯೇ ಸ್ಪಷ್ಟವಾಗಿತ್ತು ಎಂಬುದನ್ನಷ್ಟೇ ಇಲ್ಲಿ ಗುರುತಿಸುತ್ತೇವೆ.

ಇನ್ನು ಮುಂಬಯಿಗೆ ಬರೋಣ. ಕಂಪನಿ ಸರ್ಕಾರ 1850ರಲ್ಲಿ ಅಪ್ರೆಂಟಿಸ್ ಕಾಯಿದೆಯನ್ನು ತಂದಿತು. ಸಣ್ಣಪುಟ್ಟ ಅಪರಾಧ ಮಾಡಿದ, ಇಲ್ಲವೆ ಬೀದಿಪಾಲಾದ 10ರಿಂದ 18 ವಯಸ್ಸಿನ ಮಕ್ಕಳನ್ನು ಸೆರೆಮನೆಗೆ ಕಳಿಸುವ ಬದಲು ಯಾವುದಾದರೊಂದು ಕಸುಬಿಗೆ ಹಚ್ಚುವ ಅಧಿಕಾರವನ್ನು ಅದು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು. ಪತ್ರಿಕಾ ಸಂಪಾದಕರಾಗಿದ್ದ ಜಾರ್ಜ್ ಬುಯಿಸ್ಟ್ ಅದೇ ಕಾಲದಲ್ಲಿ ಮುಂಬಯಿಯಲ್ಲಿ ಒಂದು ಕೈಗಾರಿಕಾ ಶಾಲೆಯನ್ನು ತೆರೆದರು. ಬಾಗ್ದಾದಿನಿಂದ ಬಂದು ನೆಲೆಸಿದ್ದ ಯಹೂದಿ ವರ್ತಕ ಡೇವಿಡ್ ಸಾಸೂನರ ನೆರವಿನಿಂದ ಅದು 1857ರಲ್ಲಿ ಸುಧಾರಣಾಶಾಲೆಯಾಯಿತು. ಮಾಹಿಮಿನಲ್ಲಿ ಆ ಹೆಸರಿನ ಸಂಸ್ಥೆ ಇಂದಿಗೂ ಇದೆ.

ಆದರೆ ದಯೆಯ ಬೆನ್ನಿಗೇ ಬೆತ್ತವೂ ಬಂತು. 1860ರ ಭಾರತೀಯ ದಂಡಸಂಹಿತೆ ಏಳು ವರ್ಷದೊಳಗಿನ ಮಗುವಿನ ಕೃತ್ಯ ಅಪರಾಧವಲ್ಲವೆಂದಿತು. ಏಳರಿಂದ ಹನ್ನೆರಡರವರೆಗೆ ಮಗುವಿನ ತಿಳಿವಳಿಕೆಯನ್ನು ನೋಡಿ ನಿರ್ಣಯಿಸಬೇಕೆಂದಿತು. ಮುಂದೆ 1864ರ ಛಡಿಯೇಟಿನ ಕಾಯಿದೆ ಬಾಲಾಪರಾಧಿಗಳಿಗೆ ಶಾಲೆಯಲ್ಲಿ ಹೊಡೆಯುವಂತೆ ಹಗುರವಾದ ಬೆತ್ತದಿಂದ ಹೊಡೆಯಲು ಅನುಮತಿಯಿತ್ತಿತು. ಹಣ್ಣನ್ನೋ ಪಾತ್ರೆಯನ್ನೋ ಕದ್ದ ಹುಡುಗನಿಗೆ ಬೆತ್ತವೇ ಅಗ್ಗದ ಶಿಕ್ಷೆ ಎಂಬ ಭಾವನೆ ಅಧಿಕಾರಿಗಳಲ್ಲಿ ಬೇರೂರಿತು. ಈ ಶಿಕ್ಷೆ ಕಾನೂನಿನಿಂದ ಪೂರ್ಣವಾಗಿ ಹೋದದ್ದು ಸ್ವಾತಂತ್ರ್ಯ ಬಂದ ಮೇಲೆ, 1955ರಲ್ಲಿ.

ಇಪ್ಪತ್ತನೆಯ ಶತಮಾನದಲ್ಲಿ ದೃಷ್ಟಿ ಬದಲಾಯಿತು. ಮದ್ರಾಸು 1920ರಲ್ಲಿ, ಬಂಗಾಳ 1922ರಲ್ಲಿ, ಮುಂಬಯಿ 1924ರಲ್ಲಿ ಮಕ್ಕಳ ಕಾಯಿದೆಗಳನ್ನು ಮಾಡಿದವು. ಅಂದಿನ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಹೀಗಾಗಿ ಈ ಕಾಯಿದೆಗಳ ಚರಿತ್ರೆ ಕನ್ನಡಿಗರ ಚರಿತ್ರೆಯೂ ಹೌದು. ಮುಂಬಯಿಯಲ್ಲಿ 1927ರಲ್ಲಿ ಚಿಲ್ಡ್ರನ್ಸ್ ಏಡ್ ಸೊಸೈಟಿ ಸ್ಥಾಪನೆಯಾಯಿತು. ಡೋಂಗ್ರಿಯ ಹಳೆಯ ಉಮರಖಾಡಿ ಜೈಲಿನ ಕಟ್ಟಡ ಮಕ್ಕಳ ರಿಮಾಂಡ್ ಹೋಮ್ ಆಯಿತು. ಅದೇ ಸೊಸೈಟಿಯ ಮಕ್ಕಳ ಗೃಹ ಮಾನಖುರ್ದಿನಲ್ಲಿ ಬೆಳೆಯಿತು. ವಾಶಿಯಿಂದ ಲೋಕಲ್ ಹತ್ತಿ ಖಾಡಿಯನ್ನು ದಾಟಿದರೆ ಸಿಗುವ ಮೊದಲ ನಿಲ್ದಾಣವೇ ಅದು. 1929ರ ಬೋರ್ಸ್ಟಲ್ ಕಾಯಿದೆಯ ನಂತರ ಹದಿಹರೆಯದ ಅಪರಾಧಿಗಳಿಗಾಗಿ ಈ ಪ್ರಾಂತವು ನಡೆಸಿದ ಬೋರ್ಸ್ಟಲ್ ಶಾಲೆ ಇದ್ದುದು ನಮ್ಮ ಧಾರವಾಡದಲ್ಲಿ. ಹೊಟ್ಟೆಪಾಡಿಗಾಗಿ ನಮ್ಮ ಹುಡುಗರು ಮುಂಬಯಿಗೆ ಬರುತ್ತಿದ್ದ ಕಾಲದಲ್ಲೇ ಇಲ್ಲಿ ತಪ್ಪು ಮಾಡಿದ ಹುಡುಗರು ತಿದ್ದಿಕೊಳ್ಳಲೆಂದು ಕನ್ನಡದ ಊರಿಗೆ ಹೋಗುತ್ತಿದ್ದರು.

ಹಾಗೆ ಬಂದ ನಮ್ಮ ಹುಡುಗರ ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಕರಾವಳಿಯಿಂದ ಹತ್ತು ಹನ್ನೆರಡರ ವಯಸ್ಸಿಗೆ ಹಡಗೇರಿಯೋ ಬಸ್ಸು ಹಿಡಿದೋ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿದವರು ಮುಂಬಯಿ ಕನ್ನಡಿಗರ ಹಿರಿಯ ತಲೆಮಾರು. ಒಡೆದ ಕಪ್ಪು ಬಸಿಯ ಹಣವನ್ನು ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದ ಕಥೆಗಳನ್ನು ನಾವೆಲ್ಲ ಹಿರಿಯರ ಬಾಯಿಂದ ಕೇಳಿಯೇ ಬೆಳೆದಿದ್ದೇವೆ. ಒಂದು ಕಪ್ಪು ಒಡೆದರೆ ಎರಡು ಕಪ್ಪಿನ ಹಣ ಹೋಯಿತೇ ಎಂದು ಕೇಳುವ ಧೈರ್ಯ ಆ ಹುಡುಗರಿಗಿರಲಿಲ್ಲ. ದುಡಿಯುವವರ ಈ ಸಂಕಟಕ್ಕೆ ಕಾನೂನು ಮೊದಲು ಕಿವಿಗೊಟ್ಟದ್ದು 1936ರ ವೇತನ ಪಾವತಿ ಕಾಯಿದೆಯಲ್ಲಿ. ಮೊದಲಿಗೆ ಕಾರ್ಖಾನೆ ಮತ್ತು ರೈಲ್ವೆಗೆ ಸೀಮಿತವಾಗಿದ್ದ ಆ ಕಾಯಿದೆ ಮೂರು ಮಾತುಗಳನ್ನು ಹೇಳಿತು. ಸಂಬಳದಲ್ಲಿ ಮುರಿದುಕೊಳ್ಳುವ ಮೊತ್ತ ನಿಜವಾದ ನಷ್ಟವನ್ನು ಮೀರಬಾರದು. ಮುರಿಯುವ ಮುನ್ನ ಕೆಲಸಗಾರನ ಮಾತನ್ನು ಕೇಳಬೇಕು. ಹದಿನೈದು ವರ್ಷ ತುಂಬದವನಿಗೆ ಯಜಮಾನನು ಜುಲ್ಮಾನೆಯನ್ನೇ ಹಾಕಕೂಡದು. ಮಗುವಿನ ತಪ್ಪಿಗೆ ವ್ಯಾಪಾರಿಯೇ ಬೆಲೆ ಕಟ್ಟಿ ವ್ಯಾಪಾರಿಯೇ ವಸೂಲು ಮಾಡಬಾರದೆಂಬ ತತ್ತ್ವ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿದೆ?

ಅಂಗಡಿ ಕಳವು ಇಂದಿನ ರೂಪ ತಾಳಿದ್ದಕ್ಕೆ ಅಂಗಡಿಯ ರೂಪ ಬದಲಾದದ್ದೇ ಮುಖ್ಯ ಕಾರಣ. ಕಿರಾಣಿ ಅಂಗಡಿಯಲ್ಲಿ ಸಾಮಾನು ಗಿರಾಕಿಯ ಕೈಗೆ ಬರುವುದು ಅಂಗಡಿಯವನ ಕೈಯಿಂದ. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಗಿರಾಕಿಯೇ ಬುಟ್ಟಿ ಹಿಡಿದು ಬೇಕಾದುದನ್ನು ತೆಗೆದುಕೊಳ್ಳುವ ಅಂಗಡಿಯನ್ನು ತೆರೆದನು. ಆಳುಗಳ ಖರ್ಚು ಇಳಿಯಿತು, ಕೊಳ್ಳುವ ಆಸೆ ಬೆಳೆಯಿತು, ಜೊತೆಗೆ ಕದಿಯುವ ಅವಕಾಶವೂ ಬೆಳೆಯಿತು. ಕೈಗೆ ಎಟುಕುವಂತೆ ಇಟ್ಟು ಆಸೆ ಹುಟ್ಟಿಸುವುದು ವ್ಯಾಪಾರದ ಜಾಣ್ಮೆ. ಅದರಿಂದ ಬರುವ ಲಾಭ ಅಂಗಡಿಯದಾದ ಮೇಲೆ ಕಾವಲಿನ ಖರ್ಚೂ ಅಂಗಡಿಯದೇ ಆಗಬೇಕು. ಆ ಖರ್ಚನ್ನು ಸಿಕ್ಕಿಬಿದ್ದವರ ತಲೆಗೆ ಕಟ್ಟುವ ಪದ್ಧತಿ 1970ರ ದಶಕದಿಂದ ಅಮೆರಿಕದ ರಾಜ್ಯಗಳಲ್ಲಿ ಒಂದೊಂದಾಗಿ ಕಾನೂನಾಯಿತು. ವಸ್ತು ಮರಳಿ ಬಂದಿದ್ದರೂ ಅಂಗಡಿಯ ವಕೀಲರು ಮನೆಗೆ ಪತ್ರ ಕಳಿಸಿ ನಿಗದಿತ ಮೊತ್ತವನ್ನು ಕೇಳಬಹುದು. ಮಗು ಅಪ್ರಾಪ್ತ ವಯಸ್ಸಿನದಾದರೆ ಹಲವೆಡೆ ತಂದೆತಾಯಿಯನ್ನೇ ಕೇಳಬಹುದು. ಅಲ್ಲಿಂದ ಇದು ಕೆನಡಕ್ಕೂ ಇಂಗ್ಲೆಂಡಿಗೂ ಹರಡಿತು.

ಆದರೆ ಆ ಎರಡು ದೇಶಗಳ ನ್ಯಾಯಾಲಯಗಳಲ್ಲಿ ಅದು ಎಡವಿತು. ಕೆನಡದ ಮಾನಿಟೋಬದಲ್ಲಿ ಹದಿಹರೆಯದ ಹುಡುಗನೊಬ್ಬ ಝೆಲ್ಲರ್ಸ್ ಅಂಗಡಿಯಲ್ಲಿ ಕದ್ದು ಸಿಕ್ಕಿಬಿದ್ದನು. ಸಾಮಾನು ಕೆಡದೆ ಮರಳಿ ಸಿಕ್ಕಿತ್ತು. ಆದರೂ ವಕೀಲರು ತಾಯಿಗೆ 225 ಡಾಲರ್ ಕೇಳಿ ಪತ್ರ ಬರೆದರು. ಆಕೆ ಹೆದರಿ ಕಟ್ಟಿದರು, ಬಳಿಕ ಆ ಹಣವನ್ನು ಮರಳಿ ಕೇಳಿ ನ್ಯಾಯಾಲಯಕ್ಕೆ ಹೋದರು. 1996ರಲ್ಲಿ ತೀರ್ಪು ಬಂದದ್ದು ಆ ತಾಯಿಯ ಪರವಾಗಿ. ಮಗ ಕದ್ದನೆಂಬ ಮಾತ್ರಕ್ಕೆ ತಾಯಿ ಹೊಣೆಯಾಗುವುದಿಲ್ಲ, ಇಂಥ ಬೇಡಿಕೆಗೆ ಕಾನೂನಿನ ಆಧಾರವಿಲ್ಲ, ಹಣವನ್ನು ಹಿಂದಿರುಗಿಸಬೇಕು ಎಂದು ನ್ಯಾಯಾಧೀಶರು ಹೇಳಿದರು. ಇಂಗ್ಲೆಂಡಿನಲ್ಲಿ ಸಿಟಿಜನ್ಸ್ ಅಡ್ವೈಸ್ ಎಂಬ ಸಂಸ್ಥೆ 2009 ಮತ್ತು 2010ರಲ್ಲಿ ಈ ಪತ್ರಗಳ ಕುರಿತು ವರದಿಗಳನ್ನು ಪ್ರಕಟಿಸಿತು. ಹೀಗೆ ಪತ್ರ ಪಡೆದವರಲ್ಲಿ ಎಳೆಯರೂ ಇದ್ದರು. 2012ರ ಮೇ ತಿಂಗಳಲ್ಲಿ ಆಕ್ಸ್‌ಫರ್ಡಿನ ಕೌಂಟಿ ನ್ಯಾಯಾಲಯದ ಮುಂದೆ ಇಬ್ಬರು ಹುಡುಗಿಯರ ಮೊಕದ್ದಮೆ ಬಂತು. ಕದಿಯುವಾಗ ಇಬ್ಬರೂ ಹದಿಹರೆಯದವರು. ಸಾಮಾನು ಅಂಗಡಿಗೆ ಮರಳಿತ್ತು. ಕಾವಲಿನವರ ಸಮಯ ಹಾಳಾಯಿತೆಂದು ಅಂಗಡಿ ತಲಾ 137.50 ಪೌಂಡ್ ಕೇಳಿತ್ತು. ಕಾವಲುಗಾರರು ಸಂಬಳ ಪಡೆಯುವುದೇ ಈ ಕೆಲಸಕ್ಕೆ, ಹುಡುಗಿಯರನ್ನು ಹಿಡಿದುದರಿಂದ ಅಂಗಡಿಗೆ ಬೇರೆ ನಷ್ಟವೇನೂ ಆಗಿಲ್ಲ ಎಂದು ನ್ಯಾಯಾಧೀಶರು ದಾವೆಯನ್ನು ತಳ್ಳಿಹಾಕಿದರು.

ಭಾರತದಲ್ಲಿ ಅಮೆರಿಕದಂಥ ಪ್ರತ್ಯೇಕ ಕಾನೂನು ಇಲ್ಲ. ಇರುವುದು ಸಾಮಾನ್ಯ ನ್ಯಾಯ. ನಿಜವಾಗಿ ಆದ ನಷ್ಟಕ್ಕೆ ಅಂಗಡಿ ದಾವೆ ಹೂಡಬಹುದು. ಆದರೆ ಮುದ್ರೆ ಒಡೆಯದ ವಸ್ತು ಮರಳಿ ಬಂದ ಮೇಲೆ ನಷ್ಟವೆಂದು ತೋರಿಸಲು ಉಳಿಯುವುದು ಅತ್ಯಲ್ಪ. ಒಳಕೋಣೆಯಲ್ಲಿ ಮಗುವಿನ ಕೈಯಿಂದ ಬರೆಸಿಕೊಂಡ ‘ಇಷ್ಟು ಹಣ ಕೊಡುತ್ತೇನೆ’ ಎಂಬ ಕಾಗದಕ್ಕೂ ಬೆಲೆಯಿಲ್ಲ. 1872ರ ಕರಾರು ಕಾಯಿದೆಯ ಪ್ರಕಾರ ಅಪ್ರಾಪ್ತ ವಯಸ್ಕರು ಕರಾರು ಮಾಡಲಾರರು, ಮಾಡಿದರೂ ಅದು ಶೂನ್ಯವೆಂದು 1903ರಲ್ಲಿ ಮೊಹೋರಿ ಬೀಬಿ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ ತೀರ್ಮಾನಿಸಿತು. ಅದೇ ಕಾಯಿದೆಯ 72ನೆಯ ಕಲಮು ಬಲವಂತದಿಂದಾಗಲಿ ತಪ್ಪು ತಿಳಿವಳಿಕೆಯಿಂದಾಗಲಿ ಕೊಟ್ಟ ಹಣವನ್ನು ಪಡೆದವನು ಮರಳಿಸಬೇಕೆಂದು ಹೇಳುತ್ತದೆ.

ನಮ್ಮ ತಂದೆತಾಯಿಗಳು ಹಣ ಕೊಟ್ಟುಬಿಡುವುದು ಲೆಕ್ಕಾಚಾರದಿಂದಲ್ಲ, ಭಯದಿಂದ. ಪೊಲೀಸು ಎಂದೊಡನೆ ಮಗಳ ಕಾಲೇಜು, ಪಾಸ್‌ಪೋರ್ಟು, ಮುಂದಿನ ಮದುವೆ ಎಲ್ಲವೂ ಕಣ್ಣಮುಂದೆ ಹಾದುಹೋಗುತ್ತವೆ. ಊರಿನಿಂದ ದೂರ ಬಂದು ಹೆಸರು ಗಳಿಸಿದವರಿಗೆ ‘ನಾಲ್ಕು ಜನ ಏನೆನ್ನುತ್ತಾರೆ’ ಎಂಬ ಅಂಜಿಕೆ ಇಮ್ಮಡಿ. ಆ ನಾಲ್ಕು ಜನ ಸಂಘದ ಸಭೆಯಲ್ಲಿ ಎದುರಿಗೇ ಕುಳಿತಿರುತ್ತಾರೆ. ಈ ಭಯಕ್ಕೆ ಕಾನೂನು ಕೊಡುವ ಉತ್ತರವನ್ನು ತಿಳಿದಿರಬೇಕು. ಸೆರೆಮನೆಗಳಲ್ಲಿದ್ದ ಮಕ್ಕಳ ಪರವಾಗಿ ಪತ್ರಕರ್ತೆ ಶೀಲಾ ಬಾರ್ಸೆ ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 1986ರಲ್ಲಿ ದೇಶಕ್ಕೆಲ್ಲ ಒಂದೇ ಬಾಲನ್ಯಾಯ ಕಾಯಿದೆ ಬಂತು. ಅದು 2000ದಲ್ಲಿ ಮತ್ತು 2015ರಲ್ಲಿ ಹೊಸ ರೂಪ ತಾಳಿತು. ಈಗಿನ ಕಾಯಿದೆಯಂತೆ ಹದಿನೆಂಟು ತುಂಬದ ಮಗುವನ್ನು ಲಾಕಪ್ಪಿಗೆ ಹಾಕುವಂತಿಲ್ಲ. 2016ರ ಮಾದರಿ ನಿಯಮಗಳ ಪ್ರಕಾರ, ಘೋರ ಅಪರಾಧವಲ್ಲದಿದ್ದರೆ ಮತ್ತು ವಯಸ್ಕರು ಜೊತೆಗಿರದಿದ್ದರೆ ಎಫ್‌ಐಆರ್ ದಾಖಲಿಸುವುದಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದು, ಮಗುವಿನ ಹಿನ್ನೆಲೆಯ ವರದಿಯೊಂದಿಗೆ ಬಾಲನ್ಯಾಯ ಮಂಡಳಿಗೆ ತಿಳಿಸುತ್ತಾರೆ. ಮಂಡಳಿಯು ಬುದ್ಧಿಹೇಳಿ ಮನೆಗೆ ಕಳಿಸಬಹುದು, ಆಪ್ತಸಲಹೆಗೆ ಒಪ್ಪಿಸಬಹುದು, ಸಮುದಾಯ ಸೇವೆ ಮಾಡಿಸಬಹುದು, ತಂದೆತಾಯಿಗೆ ದಂಡವನ್ನೂ ವಿಧಿಸಬಹುದು. ಆ ದಂಡ ಅಂಗಡಿಯ ಗಲ್ಲಾಪೆಟ್ಟಿಗೆಗೆ ಹೋಗುವುದಿಲ್ಲ. ಮಗುವಿನ ಹೆಸರನ್ನಾಗಲಿ ಚಿತ್ರವನ್ನಾಗಲಿ ಪ್ರಕಟಿಸುವುದು 74ನೆಯ ಕಲಮಿನಡಿ ಅಪರಾಧ. 24ನೆಯ ಕಲಮಿನಂತೆ ಇಂಥ ಸಣ್ಣ ಕಳವು ಮುಂದೆ ಯಾವ ಅನರ್ಹತೆಯನ್ನೂ ತರುವುದಿಲ್ಲ.

ಹದಿನೆಂಟು ಹತ್ತೊಂಬತ್ತರ ಹರೆಯದವರು ಈ ಕಾಯಿದೆಯ ಹೊರಗಿದ್ದಾರೆ. ಅವರಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆ ಅನ್ವಯಿಸುತ್ತದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದು ಶಿಕ್ಷೆಗೊಳಗಾದವರು ವಸ್ತುವನ್ನೋ ಅದರ ಬೆಲೆಯನ್ನೋ ಮರಳಿಸಿದರೆ ಸಮುದಾಯ ಸೇವೆಯೇ ಶಿಕ್ಷೆ ಎಂದು ಅದರ 303ನೆಯ ಕಲಮು ಹೇಳುತ್ತದೆ. ಕೇಳುವುದು ಬೆಲೆಯನ್ನು, ಬೆಲೆಯ ಹತ್ತು ಪಟ್ಟನ್ನಲ್ಲ. ಮರಳಿಸುವುದು ಮೊದಲು ಎಂಬ ವಿಜ್ಞಾನೇಶ್ವರನ ಕಾಲದ ಕ್ರಮ, ಅಂದಿನ ಕ್ರೌರ್ಯವನ್ನು ಕಳಚಿಕೊಂಡು, ಇಲ್ಲಿ ಮತ್ತೆ ಕಾಣಿಸಿಕೊಂಡಿದೆ.

ಕದ್ದದ್ದು ತಪ್ಪಲ್ಲವೆಂದು ನಾವು ಹೇಳುತ್ತಿಲ್ಲ. ಅಂಗಡಿಯವನಿಗೂ ಬದುಕಬೇಕು. ಹೋಟೆಲಿನ ಗಲ್ಲೆಯಲ್ಲಿ ಕುಳಿತು ಬೆಳೆದ ನಮ್ಮ ಸಮುದಾಯಕ್ಕೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಹಣ ಕಟ್ಟಿ ಮುಚ್ಚಿಹಾಕಿದಾಗ ಮಗು ಕಲಿಯುವುದೇನು? ತಪ್ಪಿಗೊಂದು ದರವಿದೆ, ಅಪ್ಪ ಅದನ್ನು ಕಟ್ಟಬಲ್ಲ, ಆಮೇಲೆ ಮನೆಯಲ್ಲಿ ಅದರ ಮಾತೆತ್ತಬಾರದು. ಕಟ್ಟಲಾಗದ ಅಪ್ಪನ ಮಗು ಅದೇ ತಪ್ಪಿಗೆ ಠಾಣೆಗೆ ಹೋಗುತ್ತದೆ. ವಾಶಿಯ ಸೊಸೈಟಿಯ ಫ್ಲ್ಯಾಟಿನಲ್ಲಿರುವ ಹುಡುಗನಿಗೂ ತುರ್ಭೆಯ ಝೋಪಡಿಯಲ್ಲಿರುವ ಹುಡುಗನಿಗೂ ನಡುವೆ ನ್ಯಾಯ ಇಷ್ಟು ಅಂತರವನ್ನು ಇಟ್ಟುಕೊಳ್ಳಬಾರದು.

ಆದ್ದರಿಂದ ಇಂಥ ಫೋನು ಬಂದ ದಿನ ತಂದೆತಾಯಿಗಳು ಮಾಡಬೇಕಾದದ್ದು ಸರಳ. ಮೊದಲು ಮಗುವಿನ ಪಕ್ಕದಲ್ಲಿ ಹೋಗಿ ಕೂರಬೇಕು. ವಸ್ತುವನ್ನು, ಕೆಟ್ಟಿದ್ದರೆ ಅದರ ಬೆಲೆಯನ್ನು ಮರಳಿಸಿ ಮಗುವಿನ ಬಾಯಿಂದಲೇ ಕ್ಷಮೆ ಕೇಳಿಸಬೇಕು. ಅದಕ್ಕಿಂತ ಹೆಚ್ಚಿನ ಹಣ ಕೇಳಿದರೆ ಯಾವ ನಷ್ಟಕ್ಕೆ, ಯಾವ ಕಾನೂನಿನಡಿ ಎಂಬುದನ್ನು ಬರವಣಿಗೆಯಲ್ಲಿ ಕೇಳಬೇಕು. ಅಂಗಡಿ ಪೊಲೀಸರಿಗೆ ತಿಳಿಸುವೆನೆಂದರೆ ತಡೆಯಬಾರದು, ಬಾಲನ್ಯಾಯ ಮಂಡಳಿಯ ದಾರಿ ಒಳಕೋಣೆಯ ದಾರಿಗಿಂತ ಸುರಕ್ಷಿತವಾದುದು. ಮುಂಬಯಿ, ಥಾಣೆ, ನವಿಮುಂಬಯಿಗಳ ನಮ್ಮ ಸಂಘಗಳಲ್ಲಿ ವಕೀಲರಿದ್ದಾರೆ, ಶಿಕ್ಷಕರಿದ್ದಾರೆ. ನಮ್ಮ ಹಿರಿಯರು ಹೋಟೆಲು ಹುಡುಗರಿಗಾಗಿ ರಾತ್ರಿಶಾಲೆಗಳನ್ನು ಕಟ್ಟಿದಂತೆ, ಅಂಥ ಸಂಜೆ ಒಂದು ಮನೆಯವರು ನಾಚಿಕೆಯಿಲ್ಲದೆ ಫೋನು ಮಾಡಬಹುದಾದ ಇಬ್ಬರು ಹಿರಿಯರನ್ನು ಪ್ರತಿಯೊಂದು ಸಂಘವೂ ಗೊತ್ತುಮಾಡಿದರೆ ಸಾಕು.