ಅಂಗದ ಲೆಕ್ಕ, ಕಸುಬಿನ ಲೆಕ್ಕ: ಗಾಯಗೊಂಡ ದುಡಿಮೆಗಾರರು ಕೆಲಸಕ್ಕೆ ಮರಳುವ ಹಕ್ಕು

ಅಪಘಾತದಲ್ಲಿ ಕೈಕಾಲು ಕಳೆದುಕೊಂಡ ದುಡಿಮೆಗಾರರ ನಷ್ಟವನ್ನು ನಮ್ಮ ಕಾನೂನು ಎರಡು ಬಗೆಯಲ್ಲಿ ಅಳೆದಿದೆ. ಒಂದು ಅಂಗದ ಲೆಕ್ಕ, ಇನ್ನೊಂದು ಕಸುಬಿನ ಲೆಕ್ಕ. 1923ರ ಕಾರ್ಮಿಕರ ಪರಿಹಾರ ಅಧಿನಿಯಮದ ಮೊದಲ ಅನುಸೂಚಿ ಅಂಗದ ಲೆಕ್ಕಕ್ಕೆ ಮಾದರಿ. ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯ ಶೇ. 30ರಷ್ಟು ಕುಗ್ಗಿತೆಂದು ಅದು ನಿಗದಿಪಡಿಸಿತ್ತು. ಬೆರಳು ಬಡಗಿಯದೋ ಕಾವಲುಗಾರನದೋ ಎಂಬ ಪ್ರಶ್ನೆಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಆ ಪ್ರಶ್ನೆ 1976ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಬಡಗಿಯೊಬ್ಬರ ಎಡಗೈಯನ್ನು ಮೊಣಕೈಗಿಂತ ಮೇಲೆ ಕತ್ತರಿಸಬೇಕಾಗಿ ಬಂದಿತ್ತು. ಇದು ಭಾಗಶಃ ಅಂಗವೈಕಲ್ಯವಷ್ಟೇ ಎಂದು ಮಾಲೀಕರು ವಾದಿಸಿದರು. ಆದರೆ ಬಡಗಿಯ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಒಂದು ಕೈ ಉಳಿಯನ್ನು ಗೆರೆಯ ಮೇಲೆ ಅಲುಗದಂತೆ ಹಿಡಿದರೆ ಮಾತ್ರ ಇನ್ನೊಂದು ಕೈ ಕೊಡತಿಯಿಂದ ಹೊಡೆಯಬಲ್ಲದು. ಒಂಟಿ ಕೈಯಲ್ಲಿ ಬಡಗಿತನ ಸಾಗದೆಂದು ಒಪ್ಪಿದ ನ್ಯಾಯಾಲಯ ನಷ್ಟವನ್ನು ಶೇ. 100 ಎಂದೇ ಎತ್ತಿಹಿಡಿಯಿತು. ಕರ್ನಾಟಕದ ತರಕಾರಿ ವ್ಯಾಪಾರಿಯೊಬ್ಬರು ಬಲಗಾಲು ಕಳೆದುಕೊಂಡ ಪ್ರಕರಣದಲ್ಲೂ 2014ರಲ್ಲಿ ಇದೇ ದೃಷ್ಟಿ ಗೆದ್ದಿತು. ಗಳಿಕೆಯ ನಷ್ಟ ಶೇ. 85 ಎಂದು ತೀರ್ಮಾನವಾಯಿತು.

ಈ ತೀರ್ಪುಗಳು ನಷ್ಟವನ್ನು ಸರಿಯಾಗಿ ಅಳೆದವು. ಆದರೆ ಪರಿಹಾರದ ಹಣ ಕೈಸೇರಿದ ಮರುದಿನ ಆ ಮನುಷ್ಯ ಎಲ್ಲಿ ದುಡಿಯಬೇಕು? ಇದಕ್ಕೆ ಉತ್ತರ ಸಿಕ್ಕಿರುವುದು ಮುಖ್ಯವಾಗಿ ಸರ್ಕಾರಿ ನೌಕರರಿಗೆ. ಕಾಲು ಕಳೆದುಕೊಂಡ ಕಾನ್‌ಸ್ಟೇಬಲ್ ಒಬ್ಬರನ್ನು ಸೇವೆಯಿಂದ ಬಿಡಿಸಿದ್ದು ತಪ್ಪೆಂದು 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಶಕ್ತತಾ ಪಿಂಚಣಿ ಕೊಟ್ಟ ಮಾತ್ರಕ್ಕೆ ಹೊಣೆ ಮುಗಿಯದೆಂದೂ ಸ್ಪಷ್ಟಪಡಿಸಿತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 20(4)ನೇ ಕಲಮು ಈ ರಕ್ಷಣೆಯನ್ನು ಮುಂದುವರಿಸಿದೆ. ಸೇವೆಯಲ್ಲಿದ್ದಾಗ ಅಂಗವಿಕಲರಾದ ನೌಕರರನ್ನು ತೆಗೆಯುವಂತಿಲ್ಲ, ಹುದ್ದೆಯಲ್ಲಿ ಇಳಿಸುವಂತಿಲ್ಲ. ಅದೇ ವೇತನಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅದಿಲ್ಲದಿದ್ದರೆ ಹೆಚ್ಚುವರಿ ಹುದ್ದೆಯಲ್ಲಿ ಉಳಿಸಿಕೊಳ್ಳಬೇಕು.

ಕಲಮಿನ ಮಾತು ‘ಸರ್ಕಾರಿ ಸಂಸ್ಥೆ’ ಎಂಬಲ್ಲಿಗೆ ನಿಲ್ಲುತ್ತದೆ. ಗಾರೆ ಕೆಲಸದವರು, ಹಮಾಲರು, ಖಾಸಗಿ ಲಾರಿ ಚಾಲಕರು ಅದರ ಆಚೆಗಿದ್ದಾರೆ. ಇವರಿಗೆ ಕಾನೂನು ಕಳೆದುದರ ಬೆಲೆ ಕಟ್ಟುತ್ತದೆ, ಉಳಿದ ಶಕ್ತಿಗೆ ಕೆಲಸ ಹುಡುಕುವುದಿಲ್ಲ. ಅಂಗವೈಕಲ್ಯದ ಪ್ರಮಾಣಪತ್ರದ ಜೊತೆಗೆ ಆ ವ್ಯಕ್ತಿ ಯಾವ ಕಸುಬಿನವರು, ಇನ್ನು ಯಾವ ಕೆಲಸ ಮಾಡಬಲ್ಲರು ಎಂಬುದೂ ದಾಖಲಾಗಬೇಕು. 20(4)ರ ಹೊಣೆ ಖಾಸಗಿ ಮಾಲೀಕರ ಮೇಲೂ ಬರಬೇಕು. ಅಲ್ಲಿಯವರೆಗೆ ಕೆಲಸಕ್ಕೆ ಮರಳುವುದು ಎಲ್ಲ ದುಡಿಮೆಗಾರರ ಹಕ್ಕಾಗುವುದಿಲ್ಲ.